ಬಲಗಾಲು ಮೊದಲು

ಹರ್ಡಲ್ಸ್ ಓಡುವವರಿಗೆ ಒಂದು ಕಾಲು ಮುಂದಿನದು, ಇನ್ನೊಂದು ಹಿಂದಿನದು. ಮುಂದಿನದು ಹಲಗೆಯ ಮೇಲೆ ನೇರ ಚಾಚುತ್ತದೆ, ಫೋಟೋಗಳಲ್ಲಿ ಮೆರೆಯುವುದೂ ಅದೇ. ಹಿಂದಿನದು ನೆಲವನ್ನು ಒದ್ದು, ಪಕ್ಕಕ್ಕೆ ಮಡಚಿಕೊಂಡು ಕತ್ತೆಯ ಹಾಗೆ ದುಡಿಯುತ್ತದೆ. ನನ್ನ ಮುಂದಿನ ಕಾಲು ಎಡದ್ದು. ದುಡಿದು ಕೆಟ್ಟ ಮೊಣಕಾಲು ಬಲದ್ದು.

ಅಮ್ಮನಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ನಾನು ಮೊದಲ ಸಲ ದೇಶದ ಪರವಾಗಿ ಓಡಿದಾಗ ಪತ್ರಿಕೆಯಲ್ಲಿ ಬಂದ ಫೋಟೋ ನೋಡಿ ಅವಳು ಹೇಳಿದ್ದು ಇಷ್ಟೇ: "ಎಂತ ಮಾರಾಯ್ತಿ, ಎಡಗಾಲು ಮುಂದೆ ಹಾಕಿ ಹೋಗುದಾ? ಒಳ್ಳೆ ಕೆಲಸಕ್ಕೆ ಹೊರಟವರು ಯಾರಾದ್ರೂ ಹಾಗೆ ಮಾಡ್ತಾರಾ?" ನಾವು ಕಾಸರಗೋಡಿನವರು. ಕ್ರೀಡಾ ಕೋಟಾದಲ್ಲಿ ಕೊಚ್ಚಿಯ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿದ ಮೇಲೆ ಇಬ್ಬರೂ ತ್ರಿಪ್ಪುಣಿತ್ತುರದ ಫ್ಲ್ಯಾಟಿಗೆ ಬಂದೆವು. ಅಲ್ಲಿಯೂ ನಾನು ಹೊಸಿಲು ದಾಟುವಾಗ ಅವಳ ಕಣ್ಣು ನನ್ನ ಪಾದದ ಮೇಲೆ. ಆಮೇಲೆ ಎಷ್ಟೋ ದೇಶಗಳಲ್ಲಿ ಓಡಿದೆ, ಒಂದೆರಡು ಕಡೆ ಪದಕವೂ ಬಂತು. ಎಡಗಾಲಿನ ಬಗ್ಗೆ ಅವಳ ತಕರಾರು ಮಾತ್ರ ನಿಲ್ಲಲಿಲ್ಲ.

ಮೊಣಕಾಲಿನ ಆಪರೇಷನ್ ಆದ ಮೇಲೆ ತಿರುವನಂತಪುರದ ನನ್ನ ಕೋಚ್ ಸಾರ್, ಕಾಲು ಅದಲುಬದಲು ಮಾಡು ಎಂದರು. ಮೂವತ್ತು ದಾಟಿದವಳಿಗೆ ಇದು, ನಾಳೆಯಿಂದ ಎಡಗೈಯಲ್ಲಿ ಉಣ್ಣು ಎಂದ ಹಾಗೆ. ಸಿಟ್ಟು ಬಂತು. ಆದರೆ ಏಷ್ಯಾ ಮಟ್ಟದ ಕೂಟಕ್ಕೆ ಆಯ್ಕೆಯ ಓಟ ಒಂದೇ ಬಾಕಿಯಿತ್ತು. ಮೊದಲ ಇಬ್ಬರಿಗಷ್ಟೇ ಅವಕಾಶ. ಮುಂದಿನ ವರ್ಷದವರೆಗೆ ಈ ಮೊಣಕಾಲು ಕಾಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇನ್ನೊಮ್ಮೆ, ಒಂದೇ ಒಂದು ಸಲ ಆ ಜೆರ್ಸಿ ತೊಡಬೇಕೆಂಬ ಆಸೆ ಸಿಟ್ಟಿಗಿಂತ ದೊಡ್ಡದಾಗಿತ್ತು.

ರಜೆ ಹಾಕಿ, ಸಾರ್ ಇರುವ ತಿರುವನಂತಪುರಕ್ಕೆ ಹೋಗಿ ಅಲ್ಲಿನ ಕಳಕ್ಕೂಟಂನ ಹಾಸ್ಟೆಲ್ ಸೇರಿದೆ. ಸುತ್ತಲೂ ಐಟಿ ಹುಡುಗಿಯರು. ಅವರು ಕ್ಯಾಬಿಗೆ ಕಾಯುವ ಹೊತ್ತಿಗೆ ನಾನು ಬೆವರು ಸುರಿಸುತ್ತ ಮರಳುತ್ತಿದ್ದೆ. ಚೇಚಿಯದು, ಎಂದರೆ ಅಕ್ಕನದು, ಯಾವ ಕಂಪನಿ ಎಂದು ಒಬ್ಬಳು ಕೇಳಿದ್ದಳು. ಕಂಪನಿಯೇನು ಬಂತು, ಗಿಡ್ಡ ಹರ್ಡಲ್‌ಗಳ ಮೇಲೆ ಕೊಕ್ಕರೆಯಂತೆ ಹೆಜ್ಜೆ ಎತ್ತಿಡುವುದೇ ಆಗ ನನ್ನ ಉದ್ಯೋಗ. ಕಾಲು ಬದಲಿಸಿದ್ದನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದರೆ ಅವಳಿಗೆ ಖುಷಿಯೋ ಖುಷಿ. "ಈಗ ಬುದ್ಧಿ ಬಂತು. ಬಲಗಾಲು ಮೊದಲು ಇಡು ಅಂತ ಹೇಳ್ಲಿಕ್ಕೆ ಸಾರೇ ಬೇಕಾಯ್ತಾ?"

ಸಾರ್ ದಿನವೂ ಎಚ್ಚರಿಸುತ್ತಿದ್ದದ್ದು ಬೇರೆ ವಿಷಯಕ್ಕೆ. ಕಾಲು ತಾಗಿ ಹರ್ಡಲ್ ಬಿದ್ದರೆ ತಪ್ಪಿಲ್ಲ. ಕಾಲು ಅದರ ಮೇಲಿಂದ ಬಾರದೆ ಪಕ್ಕದಿಂದ, ತಗ್ಗಿನಲ್ಲಿ ಬಂದರೆ ಓಟವೇ ಲೆಕ್ಕಕ್ಕಿಲ್ಲ. ನನ್ನದು ನಾನೂರು ಮೀಟರ್ ಓಟ, ಟ್ರ್ಯಾಕು ಎಡಕ್ಕೆ ತಿರುಗುತ್ತದೆ. ಎಡಗಾಲು ಮುಂದಿದ್ದಾಗ ಲೇನಿನ ಒಳಗೆರೆಗೆ ಅಂಟಿಕೊಂಡು ಓಡುವುದೇ ಜಾಣತನ; ನಾನು ವರ್ಷಗಟ್ಟಲೆ ಹಾಗೆಯೇ ಓಡಿದವಳು. ಈಗ ಎಡಗಾಲು ಹಿಂದಾಗಿದೆ; ಒಳಗೆರೆಗೆ ಅಂಟಿಕೊಂಡರೆ ಪಕ್ಕಕ್ಕೆ ಮಡಚಿದ ಆ ಕಾಲು ಹರ್ಡಲ್‌ನ ಹೊರಗೇ ಉಳಿಯುತ್ತದೆ. ಹಾಗಾಗಿ ತಿರುವಿನಲ್ಲಿ ಲೇನಿನ ನಡುವೆ ಇರಬೇಕು.

ಆಯ್ಕೆಯ ದಿನ ದೇಹ ಹಗುರವಾಗಿತ್ತು. ಹೊಸ ಕಾಲು ನನ್ನದೇ ಎನಿಸುತ್ತಿತ್ತು, ಮೊಣಕಾಲು ಸುಮ್ಮನಿತ್ತು. ಕೊನೆಯ ತಿರುವಿಗೆ ಬಂದಾಗ ಮುಂದೆ ಒಬ್ಬಳೇ ಇದ್ದಳು. ಗೆಲ್ಲುವ ಆಸೆಯಲ್ಲಿ ಹೊಸದಾಗಿ ಕಲಿತದ್ದೆಲ್ಲ ಮರೆತೇಹೋಯಿತು. ಪಾದಗಳು ತಮ್ಮ ಪಾಡಿಗೆ ಒಳಗೆರೆಗೆ ಸರಿದವು. ಎರಡನೆಯವಳಾಗಿ ಗೆರೆ ದಾಟಿ ಎರಡೂ ಕೈ ಎತ್ತಿದೆ. ಸಾರ್ ನನ್ನನ್ನು ನೋಡುತ್ತಿರಲಿಲ್ಲ. ತಿರುವಿನಲ್ಲಿ ನಿಂತ ತೀರ್ಪುಗಾರ್ತಿಯ ಕೈಯಲ್ಲಿ, ತಪ್ಪು ಕಂಡರೆ ಎತ್ತುವ ಹಳದಿ ಬಾವುಟ ಮೇಲೆದ್ದಿತ್ತು. ನನ್ನ ಎಡಗಾಲು ಒಂದು ಹರ್ಡಲ್‌ನ ಪಕ್ಕದಿಂದ ಬಂದಿತ್ತು. ಯಾರ ಮೇಲೆ ಸಿಟ್ಟಾಗುವುದು?

ಸ್ಟ್ಯಾಂಡಿನ ನೆರಳಲ್ಲಿ ಕೂತು ಮನೆಗೆ ಫೋನ್ ಮಾಡಿದೆ.

"ಅಮ್ಮಾ, ಮುಗೀತು. ನನ್ನನ್ನು ತೆಗೆದುಹಾಕಿದ್ರು. ಇನ್ನು ಓಡುದಿಲ್ಲ."

"ಬಿದ್ಯಾ?"

"ಇಲ್ಲ."

"ಕಾಲಿಗೆ ಎಂತ ಆಗ್ಲಿಲ್ಲ ಅಲ್ವಾ?"

"ಇಲ್ಲಮ್ಮಾ."

ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. "ಹಾಗಾದ್ರೆ ಸಾಕು. ಇನ್ನು ನಾನೂ ಟಿವಿಯಲ್ಲಿ ಹರ್ಡಲ್ಸ್ ನೋಡ್ಬಹುದು. ಬೇರೆಯವರ ಮಕ್ಕಳು ಹಾರುದಲ್ವಾ, ಕಣ್ಣು ಬಿಟ್ಟು ನೋಡ್ಲಿಕ್ಕೆ ಆಗ್ತದೆ."

ಇಷ್ಟು ವರ್ಷಗಳ ನನ್ನ ಓಟಗಳಲ್ಲಿ ಅಮ್ಮ ಒಂದನ್ನೂ ನೋಡಿಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. ಬಾವುಟ ಕಂಡಾಗ ಬಾರದ ಅಳು ಈಗ ಬಂತು.