ಮೇವಿಸ್ ಕಾವಲು ಕೂತ ದಿನ

ಮೇವಿಸ್ ಅಕ್ರಾಯ್ಡ್ ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸಿದವಳು. ಬಾಯಿ ಜೋರು, ಹಕ್ಕಿಗೂಡಿನ ವಿಷಯಕ್ಕೆ ಮಾತ್ರ ಬಾಯಿಗೆ ಬೀಗ. ಯಾರ್ಕ್‌ಷೈರಿನ ಬೆಟ್ಟದ ಮೇಲಿನ ಸ್ಟೋನ್‌ಗಿಲ್ ಜಲಾಶಯಕ್ಕೆ ಬೇಸಿಗೆಯಿಡೀ ಹಕ್ಕಿ ನೋಡಲು ಹೋಗುವ ಐದಾರು ಮಂದಿಗೂ ಅದೇ ಕಟ್ಟುನಿಟ್ಟು. ನೀರಿನಂಚಿನ ಮರದ ಗುಡಿಸಲಲ್ಲಿ ಒಂದು ಪುಸ್ತಕವಿತ್ತು. ಕಂಡ ಹಕ್ಕಿಯನ್ನೆಲ್ಲ ಅದರಲ್ಲಿ ಬರೆಯಬಹುದು, ಸೆಳೆವದ ಗೂಡನ್ನು ಮಾತ್ರ ಬರೆಯಕೂಡದು. ಹದ್ದಿನ ಬಳಗದ ಆ ಹಕ್ಕಿ ಗೂಡು ಕಟ್ಟುವುದು ನೆಲದ ಮೇಲೆ. ಮೊಟ್ಟೆಗಳ್ಳರಿಗೂ ಓದು ಬರುತ್ತದೆ.

ಹನ್ನೊಂದು ವರ್ಷದ ಮೇಲೆ ಸೆಳೆವ ಬಂತು. ಗಂಡು ಹಾರುತ್ತಲೇ ಹೆಣ್ಣಿಗೆ ಬೇಟೆ ದಾಟಿಸಿದ್ದು, ಹೆಣ್ಣು ಅದನ್ನು ಹೊತ್ತು ಗೂಡಿಗಿಳಿದದ್ದು ಕಂಡು ಮೇವಿಸ್‌ಗೆ ಹಿಗ್ಗು ತಡೆಯಲಿಲ್ಲ. ‘ಮುರಿದ ಗೋಡೆಯ ಹಿಂದೆ ಗೂಡು’ ಎಂದು ಪುಸ್ತಕದಲ್ಲಿ ಬರೆದೇಬಿಟ್ಟಳು. ಮನೆಗೆ ಬಂದು ಚಹಾ ಬಗ್ಗಿಸುವಾಗ ತಾನು ಬರೆದದ್ದೇನೆಂದು ಹೊಳೆಯಿತು. ಅಷ್ಟರಲ್ಲಿ ಬೆಟ್ಟದ ಕೊನೆಯ ಬಸ್ಸು ಹೋಗಿಯಾಗಿತ್ತು.

ಬೆಳಿಗ್ಗೆ ಹೋಗಿ ನೋಡಿದರೆ, ಆ ಹಾಳೆಯನ್ನೇ ಯಾರೋ ಹರಿದುಕೊಂಡು ಹೋಗಿದ್ದರು.

ಮೊಟ್ಟೆಗಳ್ಳನದೇ ಕೆಲಸ ಎಂದುಕೊಂಡಳು ಮೇವಿಸ್. ಜಿಟಿಜಿಟಿ ಮಳೆಯಲ್ಲಿ ಏದುಸಿರು ಬಿಡುತ್ತ ಗೂಡಿದ್ದ ದಿಬ್ಬ ಹತ್ತಿ, ಐದೂ ಮೊಟ್ಟೆ ಇರುವುದನ್ನು ನೋಡಿ, ಹತ್ತು ಹೆಜ್ಜೆಯಾಚೆ ಊರುಗೋಲು ಹಿಡಿದು ಕೂತುಬಿಟ್ಟಳು. ಕುರಿ ಕೆಮ್ಮಿದರೂ ಮನುಷ್ಯನೆನಿಸಿ ತಿರುಗಿ ನೋಡುತ್ತಿದ್ದಳು. ತಲೆಯ ಮೇಲೆ ಹೆಣ್ಣು ಹಕ್ಕಿ ಕಿರುಚುತ್ತ ಸುತ್ತುತ್ತಿತ್ತು. ಅದಕ್ಕೂ ಕಳ್ಳನ ಸುಳಿವು ಸಿಕ್ಕಿರಬೇಕೆಂದು ಇವಳು ಇನ್ನಷ್ಟು ಬಿಗಿಯಾಗಿ ಕೂತಳು. ಇಷ್ಟು ಬೇಸಿಗೆ ಹಕ್ಕಿ ನೋಡಿದವಳಿಗೆ ಆ ಕೂಗು ಅರ್ಥವಾಗಬೇಕಿತ್ತು, ಭಯ ಬಿಡಲಿಲ್ಲ.

ಮೂರು ತಾಸು ಕಳೆದ ಮೇಲೆ ಗೋಡೆಯಾಚೆ ಒಂದು ಟೋಪಿ ಕಂಡಿತು. ಮೇವಿಸ್ ಕೋಲೆತ್ತಿ ನಿಂತಳು. ಬಂದವನು ಹಳೆಯ ಜೊತೆಗಾರ ಸೆಲ್ವಿನ್, ಮುಖ ಬಿಳಿಚಿಕೊಂಡಿತ್ತು.

“ಮೊದ್ಲು ಕೆಳಗೆ ಬಾ,” ಎಂದು ಪಿಸುಗುಟ್ಟಿದ.

“ಹಾಳೆ ಯಾರೋ ಹರ್ಕೊಂಡ್ ಹೋಗಿದಾರೆ ಸೆಲ್ವಿನ್. ನಾನು ಕದಲೋಳಲ್ಲ.”

“ಹರ್ದೋನು ನಾನೇ ಮಾರಾಯ್ತಿ. ನಿನ್ನೆ ಸಂಜೆ ನೀನು ಹೋದ್ಮೇಲೆ ನೋಡ್ದೆ, ಮನೇಲಿ ಒಲೆಗೆ ಹಾಕ್ದೆ. ಎಷ್ಟೊತ್ತಿಂದ ಕೂತಿದೀಯ ಇಲ್ಲಿ?”

ಮೇವಿಸ್ ಗೂಡಿನ ಕಡೆ ತಿರುಗಿದಳು. ಮೊಟ್ಟೆಗಳು ಮಳೆಗೆ ತೊಯ್ದು ಹೊಳೆಯುತ್ತಿದ್ದವು. ಅವಳು ಕೂತಿದ್ದಷ್ಟು ಹೊತ್ತೂ ಹಕ್ಕಿ ಅವುಗಳಿಗೆ ಕಾವು ಕೊಡಲು ಇಳಿದಿರಲಿಲ್ಲ.

ಇಬ್ಬರೂ ಕೆಳಗಿಳಿದು ದುರ್ಬೀನು ಹಿಡಿದರು. ಹಕ್ಕಿ ಗೂಡಿಗೆ ಇಳಿಯಿತು. ಸೆಲ್ವಿನ್ ಅವಳ ಭುಜ ತಟ್ಟಿದ.

ಮೇವಿಸ್ ದಿನವೂ ಹೋಗಿ ದೂರದಿಂದಲೇ ನೋಡಿದಳು. ಕಳ್ಳ ಯಾರೂ ಬರಲಿಲ್ಲ. ಜುಲೈ ಮುಗಿದರೂ ಹಕ್ಕಿ, ಜೂನಿನಲ್ಲೇ ಒಡೆದು ಮರಿಯಾಗಬೇಕಿದ್ದ ಆ ಐದೂ ಮೊಟ್ಟೆಗಳ ಮೇಲೆ ಕೂತೇ ಇತ್ತು.