ನನ್ನ ಹೆಸರಿನಲ್ಲಿ ಬೇರೆಯವರು ಮಾಡಿದ ಕೀಲಿ

ಪರದೆಯ ಬಲ ಮೂಲೆಯಲ್ಲಿ ಹಳದಿ ಪಟ್ಟಿ, ಅದರೊಳಗೆ ಒಂದೇ ಸಾಲು: ಯಾವ ಕೀಲಿಯೂ ಸಿಗಲಿಲ್ಲ. ಕಳೆದ ವರ್ಷ ದೀಪಾವಳಿ ಮುಗಿದ ವಾರ ಆ ಸಾಲನ್ನು ನಾನು ಎರಡು ದಿನ ನೋಡಿದೆ.

ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಕಾನೂನಿನ ನೆರವು ಕೊಡುವ ಸಣ್ಣ ಸಂಸ್ಥೆಯೊಂದರಲ್ಲಿ ನನಗೆ ಕೆಲಸ. ಅವರಲ್ಲಿ ಕನ್ನಡದವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು ಮುಂಬೈಯ ವಕೀಲರಿಗೆ ಕಳಿಸುತ್ತೇನೆ. ಆ ವಾರ ಬಂದವಳನ್ನು ಶರಣಮ್ಮ ಎನ್ನೋಣ. ಯಾದಗಿರಿ ಕಡೆಯವಳು, ಪುಣೆಯ ಕೊಂಢವಾ ಬಡಾವಣೆಯಲ್ಲಿ ಏಳುತ್ತಿದ್ದ ಒಂದು ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಿದ್ದಳು. ಅಲ್ಲಿ ಕೂಲಿಯವರ ಮೇಲ್ವಿಚಾರಕನಾಗಿದ್ದ ಮುಕಾದಮ ಅವಳ ಮೈಮೇಲೆ ಕೈ ಹಾಕಿದ್ದ. ದೂರು ಕೊಟ್ಟರೆ ಎಲ್ಲಿದ್ದರೂ ಹುಡುಕುತ್ತೇನೆ ಎಂದಿದ್ದ. ಅವಳು ಮಗಳನ್ನು ಕರೆದುಕೊಂಡು ತಂಗಿಯ ಊರಿಗೆ ಹೋಗಿದ್ದಳು. ಯಾವ ಊರೆಂದು ಇಲ್ಲಿಯೂ ಬರೆಯುವುದಿಲ್ಲ.

"ಅಕ್ಕಾರ, ನಾ ಎಲ್ಲಿ ಅದೀನಿ ಅಂತ ನಿಮಗ, ವಕೀಲರಿಗ ಬಿಟ್ಟು ಮೂರನೇದವ್ರಿಗೆ ಗೊತ್ತಾಗಬಾರದ್ರಿ," ಎಂದಳು. ಆಗಲಿ ಎಂದು ಮಾತು ಕೊಟ್ಟೆ.

ಆದರೆ ನಮ್ಮ ಕಚೇರಿಗೆಲ್ಲ ಇರುವುದು ಒಂದೇ ಮೇಲ್ ಖಾತೆ. ಪಾಸ್‌ವರ್ಡ್ ಎಲ್ಲರಿಗೂ ಗೊತ್ತು. ಅದಕ್ಕೇ ವಕೀಲರು ಪತ್ರಕ್ಕೆ ಬೀಗ ಹಾಕಿಯೇ ಕಳಿಸಿ ಎಂದಿದ್ದರು. ಬ್ರೌಸರಿಗೆ ಒಂದು ಆಡ್-ಆನ್ ಸೇರಿಸಿದರೆ ಅದು ಪತ್ರವನ್ನು ಗೂಢಲಿಪಿಗೆ ತಿರುಗಿಸುತ್ತದೆ. ಪಡೆದವರು ತಮ್ಮ ಕೀಲಿಯಿಂದ, ಕಳಿಸಿದವರು ತಮ್ಮ ಕೀಲಿಯಿಂದ ಮಾತ್ರ ಅದನ್ನು ಓದಬಹುದು. ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ನನ್ನ ಕೀಲಿ ಕಾಲೇಜಿನ ದಿನಗಳಿಂದಲೂ ಇತ್ತು. ಆಡ್-ಆನ್‌ಗೆ ಮಾತ್ರ ಅದು ಕಾಣುತ್ತಿರಲಿಲ್ಲ.

ಸಂಸ್ಥೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ಬೆಳಗಾವಿಯ ಗಿರೀಶ. ಎರಡನೆಯ ದಿನ ನನ್ನ ಮೇಜಿನ ಪಕ್ಕ ನಿಂತು, "ಮೇಡಂ, ನಿನ್ನೆಯಿಂದ ಅದರ ಮುಂದ ಕೂತೀರಿ. ಪೂಜಾ ಮುಗೀತೋ ಇಲ್ಲೋ? ಆರತಿಗೆ ನಮ್ಮನ್ನೂ ಕರೀರಿ," ಎಂದರು. ಎಲ್ಲರೂ ನಕ್ಕರು. ಅಷ್ಟರಲ್ಲಿ ನನಗೆ ಕಾರಣ ಸಿಕ್ಕಿತ್ತು: ಕಂಪ್ಯೂಟರಿನ ಉಳಿದ ಭಾಗದಿಂದ ಬೇರೆಯಾಗಿಯೇ ಇರುವಂಥ ಬ್ರೌಸರ್ ಅದು, ಹೊರಗಿನ ಕೀಲಿ ಅದಕ್ಕೆ ಎಟುಕುತ್ತಿರಲಿಲ್ಲ. ಅದನ್ನು ತೆಗೆದು ಮಾಮೂಲಿ ಬ್ರೌಸರ್ ಹಾಕಿದರೆ ಮುಗಿಯಿತು. ಊಟ ಮಾಡಿ ಬಂದು ಮಾಡೋಣವೆಂದು ಎದ್ದೆ. ಪರದೆಯನ್ನು ಲಾಕ್ ಮಾಡಲಿಲ್ಲ. ಅದು ನನ್ನ ತಪ್ಪು.

ಬಂದಾಗ ಹಳದಿ ಪಟ್ಟಿ ಇರಲಿಲ್ಲ. ಆಡ್-ಆನ್‌ನಲ್ಲಿ ನನ್ನ ಹೆಸರು, ಪಕ್ಕದಲ್ಲಿ ಕೀಲಿಯ ಚಿತ್ರ. "ಹತ್ತ ಮಿನಿಟಿನ ಕೆಲಸ ಇತ್ತರಿ," ಎಂದರು ಗಿರೀಶ. ಬ್ರೌಸರ್ ಬದಲಿಸಿದ್ದಾರೆ ಎಂದುಕೊಂಡೆ. ಥ್ಯಾಂಕ್ಸ್ ಕೂಡ ಹೇಳಿದೆ. ನೆನೆದರೆ ಈಗಲೂ ಮೈ ಉರಿಯುತ್ತದೆ. ಶರಣಮ್ಮನ ಹೇಳಿಕೆಯ ಜೊತೆ ತಂಗಿಯ ವಿಳಾಸವನ್ನೂ ಸೇರಿಸಿ ವಕೀಲರಿಗೆ ಕಳಿಸಿದೆ.

ಮೂರು ಗಂಟೆಗೆ ಫೋನ್ ತೆರೆದೆ. ಕಚೇರಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಗಿರೀಶರ ಸಂದೇಶ, ಜೊತೆಗೆ ಒಂದು ಫೈಲು ಮತ್ತು ಪಾಸ್‌ವರ್ಡ್: "ಇದು ಮೇಡಂ ಹೆಸರಿನ ಕೀಲಿ. ಅವರು ರಜೆಯಲ್ಲಿದ್ದರೆ ಯಾರು ಬೇಕಾದರೂ ಮೇಲ್ ತೆರೆಯಬಹುದು." ನನ್ನ ಕೀಲಿ ಸಿಗಲಿಲ್ಲವೆಂದು ಅವರು ನನ್ನ ಹೆಸರಿನಲ್ಲಿ ಹೊಸದೊಂದನ್ನು ಮಾಡಿದ್ದರು! ನಾನು ಕಳಿಸಿದ ಪತ್ರದ ಪ್ರತಿ ಎಲ್ಲರೂ ಬಳಸುವ ಮೇಲ್ ಖಾತೆಯಲ್ಲಿತ್ತು, ಅದನ್ನು ತೆರೆಯುವ ಕೀಲಿ ಎಲ್ಲರ ಫೋನಿನಲ್ಲಿತ್ತು. ಆರು ಜನ ಸಂದೇಶ ನೋಡಿಯಾಗಿತ್ತು. ಅವರಲ್ಲೊಬ್ಬ ನಮ್ಮ ಕೆಲಸ ಬಿಟ್ಟು ಹೋದವನು. ಈಗ ಶರಣಮ್ಮ ಇಟ್ಟಿಗೆ ಹೊರುತ್ತಿದ್ದ ಕಟ್ಟಡದ ಬಿಲ್ಡರನ ಸೈಟ್ ಆಫೀಸಿನಲ್ಲಿದ್ದ. ಅವನನ್ನು ಗುಂಪಿನಿಂದ ಯಾರೂ ತೆಗೆದಿರಲಿಲ್ಲ, ಮೇಲ್ ಪಾಸ್‌ವರ್ಡನ್ನೂ ಬದಲಿಸಿರಲಿಲ್ಲ.

ಮೊದಲು ಆ ಪ್ರತಿಯನ್ನು ಅಳಿಸಿದೆ. ಆಮೇಲೆ ಗಿರೀಶರ ಮೇಜಿಗೆ ಹೋದೆ. ಕಚೇರಿಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು.

"ನನ್ನ ಹೆಸರಿನಾಗ ಕೀಲಿ ಮಾಡಾಕ ನಿಮಗ ಯಾರು ಹೇಳಿದ್ರು?"

"ಅಯ್ಯ, ಉಪಕಾರ ಮಾಡಿದ್ದಕ್ಕ ಇದೇನ್ರಿ? ಎಲ್ಲಾರೂ ನಮ್ಮ ಮಂದೀನ ಅಲ್ಲೇನು?"

"ಶರಣಮ್ಮಗ ಅಲ್ಲ. ಆಕಿ ವಿಳಾಸ ಅದ ಅದರಾಗ. ಮೊದಲ ಅದನ್ನ ಗ್ರೂಪಿನಿಂದ ತಗೀರಿ."

ಸಂಸ್ಥೆಯ ಸಂಚಾಲಕಿ ಒಳಗಿನಿಂದ ಬಂದು, ಅಂಥದ್ದೇನಾಯಿತು, ಶಾಂತಳಾಗು ಎಂದು ಮರಾಠಿಯಲ್ಲಿ ಹೇಳಿದರು. ವಿವರಿಸಿದೆ. ಅವರ ಮುಖ ಸಪ್ಪಗಾಯಿತು, ಆದರೂ "ಕೆಲಸ ಬಿಟ್ಟವನು ಅದನ್ನೇನು ತೆರೆದಿರಲಾರ, ಬಿಡು," ಎಂದರು. ತೆರೆದಿರಲಾರನಂತೆ! ತಮ್ಮ ಮಗಳ ವಿಳಾಸವಾಗಿದ್ದರೆ ಹೀಗೆ ಹೇಳುತ್ತಿದ್ದರೇ?

ಶರಣಮ್ಮ ತನ್ನ ಫೋನನ್ನು ಬಿಸಾಡಿದ್ದಳು. ತಂಗಿಗೆ ಫೋನೇ ಇರಲಿಲ್ಲ. ಆ ಊರಿಗೆ ಹೋಗುವ ಕೊನೆಯ ಬಸ್ಸು ಆಗಲೇ ಹೊರಟುಹೋಗಿತ್ತು. ವಕೀಲರಿಗೆ ಫೋನ್ ಮಾಡಿ ಆದದ್ದನ್ನು ತಿಳಿಸಿದೆ. ಮೇಲ್ ಪಾಸ್‌ವರ್ಡ್ ಬದಲಿಸಿದೆ. ಆ ಬ್ರೌಸರ್ ಕಿತ್ತು ಬೇರೆ ಹಾಕಿದೆ. ಇಪ್ಪತ್ತು ನಿಮಿಷದಲ್ಲಿ ನನ್ನದೇ ಕೀಲಿ ಕಂಡಿತು. ಸಂತೋಷವೇನೂ ಆಗಲಿಲ್ಲ. ಗಿರೀಶ ಇಂದಿಗೂ ಕ್ಷಮೆ ಕೇಳಿಲ್ಲ, ನಾನು ಅವರನ್ನು ಕ್ಷಮಿಸಿಯೂ ಇಲ್ಲ. ಕೇಳದೆ ಮಾಡುವ ಸಹಾಯವನ್ನು ಕಂಡರೆ ಈಗ ನನಗೆ ಭಯ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಶರಣಮ್ಮನ ಎದುರು ಕೂತು, ನನ್ನ ತಪ್ಪನ್ನೂ ಸೇರಿಸಿ, ಎಲ್ಲವನ್ನೂ ಹೇಳಿದೆ.

"ಅಂದ್ರ ಮತ್ತ ಗಂಟು ಕಟ್ಟಬೇಕೇನ್ರಿ, ಅಕ್ಕಾರ?"

"ಹೂಂ," ಎಂದೆ.

ಅವಳು ಬೈಯಲಿಲ್ಲ. ಒಲೆಯ ಮೇಲಿನ ಚಹಾ ಇಳಿಸಿ ನನಗೆ ಕೊಟ್ಟು, ಗೋಡೆಯ ಮೊಳೆಗೆ ಹಾಕಿದ್ದ ಮಗಳ ಫ್ರಾಕುಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. ನಾನು ಚಹಾ ಕೆಳಗಿಟ್ಟು ಹಾಸಿಗೆ ಮಡಚಿದೆ.