ಅಕ್ಕನ ಎರರ್ ಕುರ್ಚಿ

ಕಂಪ್ಯೂಟರಿನಲ್ಲಿ ಎರರ್ ಬಂತೆಂದು ಯಾರು ಬೊಬ್ಬೆ ಹಾಕಿದರೂ ನನ್ನ ಅಕ್ಕ ಕುಸುಮ ಕಂಪ್ಯೂಟರಿನ ಕಡೆ ತಿರುಗುತ್ತಲೇ ಇರಲಿಲ್ಲ. ಕೈಯಲ್ಲಿದ್ದ ಪೆನ್ನಿನಿಂದ ನನ್ನನ್ನು ತೋರಿಸುತ್ತಿದ್ದಳು.

“ಮೊದಲು ಇವನಿಗೆ ಹೇಳು. ಇವನಿಗೆ ಅರ್ಥ ಆಗುವ ಹಾಗೆ ಹೇಳು. ಮತ್ತೆ ನನ್ನ ಹತ್ರ ಬಾ.”

ಇವನು ಅಂದರೆ ನಾನು, ಜಯರಾಮ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಕಡಬ ಪೇಟೆಯಿಂದ ಹಳ್ಳಿಗಳಿಗೆ ಜೀಪು ಓಡಿಸುವವನು. ರಬ್ಬರು ಖರೀದಿಸುವ ಅಂಗಡಿಯ ಮಾಳಿಗೆಯಲ್ಲಿ ಅಕ್ಕನ ಕಂಪ್ಯೂಟರ್ ಕ್ಲಾಸು, ಕೆಳಗೆ ರಸ್ತೆಯಲ್ಲಿ ನನ್ನ ಜೀಪು. ಜೀಪು ತುಂಬುವವರೆಗೆ ನಾನು ಮೇಲೆ ಬಂದು ಫ್ಯಾನಿನಡಿಯ ಕುರ್ಚಿಯಲ್ಲಿ ಕೂರುತ್ತಿದ್ದೆ. ಅದಕ್ಕೆ ವಿದ್ಯಾರ್ಥಿಗಳು ‘ಎರರ್ ಕುರ್ಚಿ’ ಎಂದು ಹೆಸರಿಟ್ಟಿದ್ದರು.

ಅಕ್ಕ ಕಲಿಸುತ್ತಿದ್ದುದು ಪಿಎಚ್‌ಪಿ. ವೆಬ್‌ಸೈಟಿನ ಹಿಂದೆ ಕೂತು, ಜನ ಬರೆದುಕೊಟ್ಟದ್ದನ್ನು ಒಳಗೆ ಇಟ್ಟು, ಕೇಳಿದಾಗ ತಂದುಕೊಡುವ ಭಾಷೆ ಅದು ಎಂಬಲ್ಲಿಗೆ ನನ್ನ ತಿಳುವಳಿಕೆ ಮುಗಿಯುತ್ತದೆ. ಆದರೂ ಡಿಗ್ರಿ ಓದುವ ಶ್ವೇತಾ ಬಂದು ನನ್ನೆದುರು ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು.

“ಜಯಣ್ಣ, ಇಲ್ಲಿ ನಾನು ಗಿರಾಕಿಯ ಹೆಸರು ತಕೊಳ್ತೇನೆ. ಇಲ್ಲಿ ಅದನ್ನು ತೋರಿಸ್ಲಿಕ್ಕೆ ಹೇಳ್ತೇನೆ. ತೋರಿಸುದೇ ಇಲ್ಲ.”

“ಹೌದಾ? ತಕೊಂಡದ್ದನ್ನು ಎಲ್ಲಿ ಇಟ್ಟೆ?”

“ಇಟ್ಟದ್ದು… ಅಯ್ಯೋ ದೇವ್ರೇ, ಇಡ್ಲೇ ಇಲ್ಲ!”

ಅವಳು ಎದ್ದು ಓಡಿದಳು. ಜೀಪಿನಲ್ಲಿ ಚೀಲ ಕಾಣುವುದಿಲ್ಲ ಎನ್ನುವವರಿಗೆ ಕೇಳುವ ಪ್ರಶ್ನೆಯನ್ನೇ ನಾನು ಕೇಳಿದ್ದು. ನನಗೆ ಹೇಳುವಾಗ ಅವರು ಅವಸರ ಬಿಟ್ಟು ಒಂದೊಂದಾಗಿ ಹೇಳಬೇಕಾಗುತ್ತಿತ್ತು, ಹೇಳುವಾಗ ತಪ್ಪು ತಾನಾಗಿ ಕಾಣುತ್ತಿತ್ತು. ನನ್ನಿಂದ ಬೇಕಾದದ್ದು ಎರಡು ಕಿವಿ ಮತ್ತು ಒಂದು ‘ಹೌದಾ’ ಮಾತ್ರ.

ಅದಕ್ಕೂ ಜಗ್ಗದ ಎರರ್ ಅಕ್ಕನ ಹತ್ತಿರ ಹೋಗುತ್ತಿತ್ತು. ಅವಳ ಮೊದಲ ಪ್ರಶ್ನೆ ಯಾವಾಗಲೂ ಒಂದೇ. “ಸೇವ್ ಮಾಡಿದ್ಯಾ?” ಮಾಡಿರುತ್ತಿರಲಿಲ್ಲ. “ಅಕ್ಕಿ ಒಲೆಗೆ ಇಡ್ಲಿಲ್ಲ, ಅನ್ನ ಬೇಯ್ಲಿಲ್ಲ ಅಂತ ಅಳುದು!” ಒಬ್ಬ ಒಂದೇ ಫೈಲಿಗೆ ಹೊಸದು, ಹೊಸದು ಎರಡು, ಕಡೇದು, ಎಲ್ಲಕ್ಕಿಂತ ಕಡೇದು ಎಂದು ಹೆಸರಿಟ್ಟು, ಒಂದನ್ನು ತಿದ್ದುತ್ತಾ ಇನ್ನೊಂದನ್ನು ತೆರೆದು ನೋಡುತ್ತಿದ್ದ. “ಹುಲ್ಲು ಹಾಕಿದ್ದು ಒಂದು ದನಕ್ಕೆ, ಚೆಂಬು ಹಿಡಿದು ಕೂತದ್ದು ಇನ್ನೊಂದರ ಅಡಿಯಲ್ಲಿ. ಎಂತ ಹಾಲು ಸಿಗುದು ನಿಂಗೆ?” ಹನ್ನೆರಡನೇ ಸಾಲಿನಲ್ಲಿ ಎರರ್ ಎಂದು ಕಂಪ್ಯೂಟರ್ ಹೇಳಿದರೆ ಅವಳು ಹನ್ನೊಂದನೇ ಸಾಲು ನೋಡಿಸುತ್ತಿದ್ದಳು. “ಬೊಬ್ಬೆ ಕೆಳಗಿನ ಮನೆಯಲ್ಲಿ. ಕಸ ಕಟ್ಟಿದ್ದು ಮೇಲಿನ ಮನೆಯ ಚರಂಡಿಯಲ್ಲಿ.”

ಒಮ್ಮೆ ಶ್ವೇತಾ ಕುಣಿದುಕೊಂಡು ಬಂದಳು. “ಮೇಡಂ, ಒಂದೂ ಎರರ್ ಇಲ್ಲ! ಸ್ಕ್ರೀನ್ ಇಡೀ ಬೆಳ್ಳಗೆ!”

ಅಕ್ಕ ಹಣೆ ಹಿಡಿದುಕೊಂಡಳು. “ಬೆಳ್ಳಗೆ ಅಂದ್ರೆ ಎಲ್ಲ ಸತ್ತಿದೆ ಅಂತ ಮಾರಾಯ್ತಿ. ಎರರ್ ಕಾಣ್ಲಿಕ್ಕೆ ಬಿಡು. ಅದು ಬೈಯುದಲ್ಲ, ನೋವು ಎಲ್ಲಿ ಅಂತ ಹೇಳುದು.” ಎರರನ್ನು ಕಾಣದಂತೆ ಮಾಡುವ ಒಂದು ಸಾಲು ಉಂಟು, ಕಲಿಯುವಾಗ ಅದನ್ನು ಮುಟ್ಟಬಾರದು ಎಂದು ಆ ಸಾಲನ್ನೂ ಬೋರ್ಡಿನಲ್ಲಿ ಬರೆದು ತೋರಿಸಿದಳು. ಮುಟ್ಟಬಾರದು ಎಂಬುದು ನನ್ನ ತಲೆಗೆ ಹೋಗಲಿಲ್ಲ. ಸಾಲು ಹೋಯಿತು.

ವರ್ಷಗಟ್ಟಲೆ ‘ಹೌದಾ’ ಅಂದದ್ದರಿಂದ ನನಗೂ ಸ್ವಲ್ಪ ಕೊಂಬು ಬಂದಿತ್ತು. ಸ್ಟ್ಯಾಂಡಿನಲ್ಲಿ ಯಾರ ಮೊಬೈಲು ನಿಂತರೂ “ಸರ್ವರ್ ಸಮಸ್ಯೆ” ಎನ್ನುತ್ತಿದ್ದೆ. ಒಂದು ದಿನ ಜೀಪು ಸ್ಟಾರ್ಟ್ ಆಗದಿದ್ದಾಗಲೂ ಹಾಗೇ ಅಂದೆ. ಒಳಗಿದ್ದ ಹೆಂಗಸೊಬ್ಬರು, “ಡೀಸೆಲ್ ಉಂಟಾ ನೋಡು ಜಯಣ್ಣ” ಎಂದರು. ಇರಲಿಲ್ಲ.

ಆಗ ಬಂದದ್ದು ಅಜ್ಜಾವರದ ನರ್ಸರಿಯ ಕೆಲಸ. ನರ್ಸರಿಯ ಪದ್ಮಯ್ಯಣ್ಣನಿಗೆ ಕಸಿ ಗಿಡಗಳನ್ನು ಜನ ಮನೆಯಿಂದಲೇ ಆರ್ಡರ್ ಮಾಡುವ ವೆಬ್‌ಸೈಟು ಬೇಕಿತ್ತು. ಕ್ಲಾಸಿಗೆ ಬರುವವರು ಕಡಿಮೆಯಾಗುತ್ತಿದ್ದರು, ಪುತ್ತೂರಿನ ಒಂದು ಕಂಪ್ಯೂಟರ್ ಸೆಂಟರಿನವರು ಅಕ್ಕನನ್ನು ಕೆಲಸಕ್ಕೆ ಕರೆಯುತ್ತಲೇ ಇದ್ದರು. “ಇದೊಂದು ಸರಿಯಾದ್ರೆ ಇದನ್ನು ನೋಡಿ ಬೇರೆಯವರು ಬರ್ತಾರೆ. ನನ್ನ ಬೋರ್ಡು ಇಲ್ಲೇ ಇರ್ತದೆ. ಇಲ್ಲದಿದ್ರೆ ಪುತ್ತೂರಿಗೆ ಹೋಗುದೇ,” ಎಂದಿದ್ದಳು. ಎರಡು ತಿಂಗಳು ಕೂತು ಮಾಡಿದಳು.

ಸೈಟನ್ನು ಇಂಟರ್ನೆಟ್ಟಿಗೆ ಏರಿಸಿದ ಮರುದಿನ ಅವಳು ನೆಲ್ಯಾಡಿಗೆ ಒಂದು ಗೃಹಪ್ರವೇಶಕ್ಕೆ ಹೋಗಬೇಕಾಗಿತ್ತು. ಆರ್ಡರ್ ಪುಟದಲ್ಲಿ ಒಂದು ಎರರ್ ಉಳಿದಿತ್ತು. “ಬಂದು ನೋಡ್ತೇನೆ. ಯಾರೂ ಏನೂ ಮುಟ್ಟುದು ಬೇಡ,” ಎಂದು ಹೇಳಿ ಹೋದಳು.

ಮರುದಿನ ಬರಬೇಕಾಗಿದ್ದ ಪದ್ಮಯ್ಯಣ್ಣ ಅಂದೇ ಬಂದರು. ಕಡಬಕ್ಕೆ ಬಂದಿದ್ದರಂತೆ, ನೋಡಿ ಹೋಗುತ್ತೇನೆ ಎಂದು ಕೆಳಗಿನಿಂದ ಫೋನು ಮಾಡಿದರು. ನಾನು ಕಂಪ್ಯೂಟರ್ ನೋಡಿದೆ. ಗಿಡದ ಚಿತ್ರಗಳ ನೆತ್ತಿಯ ಮೇಲೆ ಇಷ್ಟುದ್ದದ ಇಂಗ್ಲಿಷ್ ಎರರ್. ಮನೆಗೆ ನೆಂಟರು ಬರುವಾಗ ಜಗಲಿಯಲ್ಲಿ ಒದ್ದೆ ಚಡ್ಡಿ ಒಣಗಲು ಹಾಕಿದರೆ ಹೇಗೋ ಹಾಗೆ ನನಗೆ ನಾಚಿಕೆಯಾಯಿತು. ನಮ್ಮಲ್ಲಿ ಯಾರಾದರೂ ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಮೊದಲು ಕೈ ಹೋಗುವುದು ಚಡ್ಡಿಗೇ. ಅಕ್ಕ ತೆರೆದಿಟ್ಟಿದ್ದ ಫೈಲಿನ ತಲೆಗೆ, ಬೋರ್ಡಿನಲ್ಲಿ ನೋಡಿದ ಆ ಸಾಲನ್ನು ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದೆ. ಸೇವ್ ಮಾಡಲು ಮಾತ್ರ ಮರೆಯಲಿಲ್ಲ. ಎರರ್ ಮಾಯ!

ಪದ್ಮಯ್ಯಣ್ಣ ಕೂತು ಒಂದು ಜಾಯಿಕಾಯಿ ಗಿಡ ಆರ್ಡರ್ ಮಾಡಿದರು. ‘ನಿಮ್ಮ ಆರ್ಡರ್ ಸಿಕ್ಕಿತು, ವಂದನೆಗಳು’ ಎಂದು ಬಂತು.

“ಭಾರೀ ಲಾಯ್ಕ ಆಗಿದೆ ಮಾರಾಯಾ! ನಿನ್ನ ಅಕ್ಕ ಜೋರುಂಟು!”

“ನಾನೂ ಸ್ವಲ್ಪ ನೋಡ್ಕೊಳ್ತೇನೆ,” ಎಂದೆ.

ಅವರು ಅಲ್ಲೇ ಕೂತು ಸೈಟಿನ ಲಿಂಕನ್ನು ಎಲ್ಲ ವಾಟ್ಸ್ಆ್ಯಪ್ ಗುಂಪುಗಳಿಗೂ ಹಾಕಿದರು. ರಾತ್ರಿ ಅಕ್ಕ ದಣಿದು ಬಂದಳು. ಪುಟ ತೆರೆದು, “ಎರರ್ ಎಲ್ಲಿ ಹೋಯ್ತು? ಸರ್ವರಿನವರು ಸರಿ ಮಾಡಿದ್ರಾ?” ಎಂದಳು.

“ಇರ್ಬೇಕು,” ಎಂದೆ.

ಮರುವಾರ ಬೆಳಿಗ್ಗೆ ಪದ್ಮಯ್ಯಣ್ಣನ ಫೋನು ಬಂತು. ಗಿಡಗಳಿಗೆಂದು ಹೊಂಡ ತೋಡಿ ಕಾದವರೆಲ್ಲ ಪಿಕಪ್ ಗಾಡಿ ಬಾಡಿಗೆಗೆ ಮಾಡಿಕೊಂಡು ನರ್ಸರಿಗೆ ಬಂದಿದ್ದಾರೆ, ಇಲ್ಲಿ ಒಂದು ಆರ್ಡರೂ ಬಂದಿಲ್ಲ! ಸೈಟು ಎಲ್ಲರಿಗೂ ವಂದನೆ ಹೇಳಿ ಏನನ್ನೂ ಒಳಗೆ ಇಟ್ಟಿರಲಿಲ್ಲ. ಅವತ್ತಿನ ಎರರ್ ಹೇಳುತ್ತಿದ್ದುದು ಅದನ್ನೇ: ಒಳಗೆ ಇಡಲು ಬಾಗಿಲು ತೆರೆಯುತ್ತಿಲ್ಲ ಎಂದು.

“ಸಂಜೆಯೊಳಗೆ ಸರಿ ಮಾಡ್ತೇನೆ ಪದ್ಮಯ್ಯಣ್ಣ,” ಎಂದು ಅಕ್ಕ ಬೇಡಿಕೊಂಡಳು. “ಸಂಜೆವರೆಗೆ ಕಾಯ್ತೇನೆ,” ಎಂದರು ಅವರು.

ಅಂದು ಅವಳು ಮಾಡಿದ್ದು, ಸ್ಟೂಲು ಎಳೆದುಕೊಂಡು ನನ್ನೆದುರು ಕೂತದ್ದು.

“ಜಯಾ, ಕೇಳು. ಗಿರಾಕಿ ಇಲ್ಲಿ ಒತ್ತುತ್ತಾನೆ.”

“ಹೌದಾ.”

“ಅದು ಇಲ್ಲಿಗೆ ಬರ್ತದೆ. ಇಲ್ಲಿಂದ ಒಳಗೆ ಹೋಗ್ಬೇಕು. ಹೋಗುದಿಲ್ಲ. ಆದ್ರೆ ಎರರ್ ಯಾಕೆ ಕಾಣುದಿಲ್ಲ? ಅದೇ ಗೊತ್ತಾಗುದಿಲ್ಲ ನಂಗೆ.”

“ಹೌದಾ,” ಎಂದೆ.

ಕೆಳಗೆ ಜೀಪು ತುಂಬಿ ಜನ ಹಾರ್ನ್ ಹೊಡೆಯುತ್ತಿದ್ದರು. ಎದ್ದು ಹೋದೆ. ಬಂದೆ. ಅವಳು ಮತ್ತೆ ಮೊದಲಿನಿಂದ ಹೇಳಿದಳು, ನಾನು ಮತ್ತೆ ‘ಹೌದಾ’ ಎಂದೆ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ ಅವಳು. ಬಾಯಿ ತೆರೆದರೆ ಬೈಸಿಕೊಳ್ಳಬೇಕಲ್ಲ ಎಂಬುದಕ್ಕಿಂತ, ನನಗೆ ಏನೂ ಗೊತ್ತಿಲ್ಲವೆಂದು ಊರಿಗೆ ಗೊತ್ತಾಗುತ್ತದಲ್ಲ ಎಂಬುದೇ ನನ್ನನ್ನು ಹಿಡಿದು ಕೂರಿಸಿತ್ತು.

ಕತ್ತಲಾಗುವಾಗ ಆ ಸಾಲು ಅವಳಿಗೆ ಸಿಕ್ಕಿತು. ಅಳಿಸಿದಳು, ಎರರ್ ಕಂಡಿತು. ತಪ್ಪಾಗಿದ್ದದ್ದು ಒಂದು ಪಾಸ್‌ವರ್ಡು. ಚಾ ಆರುವ ಮೊದಲು ಎಲ್ಲ ಸರಿಯಾಯಿತು. “ಆ ದಿನ ನೆಲ್ಯಾಡಿಗೆ ಹೊರಡುವ ಗಡಿಬಿಡಿಯಲ್ಲಿ ಮಕ್ಕಳಿಗೆ ತೋರಿಸ್ಲಿಕ್ಕೆ ನಾನೇ ಬರೆದು ಮರೆತದ್ದು ಇರ್ಬೇಕು. ಒಳಗೆ ಹೋಯ್ತಾ ಅಂತ ನೋಡದೆ ವಂದನೆ ಹೇಳಿದ್ದೂ ನಾನೇ,” ಎಂದು ತನ್ನ ತಲೆಗೆ ತಾನೇ ಕುಟ್ಟಿಕೊಂಡಳು. ಪದ್ಮಯ್ಯಣ್ಣನಿಗೆ ಫೋನು ಮಾಡಿದಾಗ ಅವರು, “ಬೇಡ ಕುಸುಮಾ, ಆರ್ಡರಿಗೆ ನಂಗೆ ಫೋನೇ ಸಾಕು. ಬೇಜಾರು ಮಾಡ್ಬೇಡ,” ಎಂದರು.

ಕ್ಲಾಸಿನ ಹೆಸರಿನ ಬೋರ್ಡು ಇಳಿಸಿದ್ದು ನಾನೇ. ಕಂಪ್ಯೂಟರುಗಳನ್ನೂ ಅಕ್ಕನನ್ನೂ ಜೀಪಿನಲ್ಲಿ ಹಾಕಿಕೊಂಡು ಪುತ್ತೂರಿಗೆ ಹೋದೆ. ದಾರಿಯಿಡೀ ಹೇಳಬೇಕೆಂದುಕೊಂಡದ್ದನ್ನು ಅವಳ ಬಾಡಿಗೆ ಮನೆಯ ಎದುರು, ಇಂಜಿನ್ ಆಫ್ ಮಾಡಿದ ಮೇಲೆ ಹೇಳಿದೆ.

“ಅಕ್ಕಾ, ಆ ಸಾಲು ಹಾಕಿದ್ದು ನಾನು.”

ಅವಳು ಬಾಗಿಲು ತೆರೆದಳು. ಇಳಿದು, ನಾನು ಕೈ ಹಾಕುವ ಮೊದಲೇ ದೊಡ್ಡ ಪೆಟ್ಟಿಗೆಯನ್ನು ತಾನೇ ಹೊತ್ತುಕೊಂಡು ಹೋದಳು. ಒಂದೊಂದೇ ಸಾಮಾನು ಹಾಗೆಯೇ ಒಳಗೆ ಹೋಯಿತು. ಕೊನೆಗೆ ಕೀಬೋರ್ಡು ತೆಗೆದುಕೊಳ್ಳಲು ಬಂದವಳು ಕಿಟಕಿಯ ಹತ್ತಿರ ನಿಂತಳು.

“ಹಾಕಿದ್ದು ಇರ್ಲಿ ಮಾರಾಯಾ. ನಿಂಗೆ ಗೊತ್ತಿಲ್ಲ, ಹಾಕಿದೆ. ಆದ್ರೆ ಬೆಳಿಗ್ಗೆಯಿಂದ ಸಂಜೆವರೆಗೆ ನಿನ್ನ ಎದುರು ಕೂತು ಹೇಳಿದೆನಲ್ಲ ನಾನು. ಹೌದಾ ಹೌದಾ ಅಂದೆಯಲ್ಲ ನೀನು.”

ಗೇಟು ಹಾಕಿಕೊಂಡಳು.

ವಾಪಸು ಬಂದ ಮೇಲೆ ನೋಡಿದರೆ ಒಂದು ಮೌಸು ಸೀಟಿನಡಿ ಉಳಿದಿತ್ತು. ಅದನ್ನು ಕೊಡುವ ನೆವದಲ್ಲಿ ಯಾವತ್ತಾದರೂ ಪುತ್ತೂರಿಗೆ ಹೋಗಬಹುದು. ಇನ್ನೂ ಹೋಗಿಲ್ಲ. ಹಿಂದೆ ಕೂತ ಹೆಂಗಸರು, “ಕಾಲಿಗೆ ಎಂತದೋ ಸಿಕ್ಕುದು ಜಯಣ್ಣ, ಬಿಸಾಡುದಾ?” ಎಂದು ಕೇಳುತ್ತಾರೆ.

“ಬೇಡ,” ಎನ್ನುತ್ತೇನೆ, “ಕಾಲು ಸ್ವಲ್ಪ ಆಚೆ ಇಟ್ಟುಕೊಳ್ಳಿ. ಅದು ಅಕ್ಕಂದು.”